ತೂತು ನೋಡಿ ದೋಣಿ ಬೇಡ ಅನ್ನಬೇಡಿ, ತೂಕ ನೋಡಿ

ಹಳೆಯ ಹಾಯಿದೋಣಿ ಕೊಳ್ಳಬೇಕು ಅಂತಿರುವವರು ನನಗೆ ಮೊದಲು ಕಳಿಸುವುದು ತೂತಿನ ಫೋಟೊ. ಬಾಡಿ ಎಲ್ಲಿ ಒಡೆದಿದೆಯೋ ಅದನ್ನೇ ಹತ್ತಿರದಿಂದ ತೆಗೆದಿರುತ್ತಾರೆ. ಜೊತೆಗೆ ಒಂದು ಪ್ರಶ್ನೆ: "ಸರ್, ಇದು ರಿಪೇರಿ ಆಗುತ್ತಾ?" ಆಗುತ್ತದೆ. ಫೈಬರ್ ದೋಣಿಯಲ್ಲಿ ತೂತು ಮುಚ್ಚುವುದು ಎಲ್ಲಕ್ಕಿಂತ ಸುಲಭದ ಕೆಲಸ. ಆದರೆ ಆ ದೋಣಿಗೆ ದುಡ್ಡು ಹಾಕಬೇಕೋ ಬೇಡವೋ ಅನ್ನುವುದು ತೂತಿನಿಂದ ಗೊತ್ತಾಗುವುದಿಲ್ಲ. ಅದು ಗೊತ್ತಾಗುವುದು ಫೋಟೊದಲ್ಲಿ ಕಾಣದ ಜಾಗಗಳಿಂದ.

ಸಮುದ್ರವಿಲ್ಲದ ತುಮಕೂರಿಗೆ ಹಾಯಿದೋಣಿ ಎಲ್ಲಿಂದ ಬರುತ್ತದೆ ಅಂತ ಕೆಲವರು ಕೇಳುತ್ತಾರೆ. ನಮ್ಮ ವರ್ಕ್‌ಶಾಪಿನ ದಿನನಿತ್ಯದ ಕೆಲಸ ಫೈಬರ್ ಬಾಗಿಲು, ನೀರಿನ ಟ್ಯಾಂಕು. ಕುಣಿಗಲ್ ದೊಡ್ಡಕೆರೆ, ಮಾರ್ಕೋನಹಳ್ಳಿ ಜಲಾಶಯದ ಕಡೆಯಿಂದ ಮೀನು ಹಿಡಿಯುವವರ ಫೈಬರ್ ಹರಿಗೋಲುಗಳೂ ಬರುತ್ತವೆ. ಹಾಯಿದೋಣಿಗಳು ಬರುವುದು ಬೆಂಗಳೂರಿನ ದಾರಿಯಿಂದ. ಹಲಸೂರು ಕೆರೆಯಲ್ಲಿ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪಿನವರ ತೃಷ್ಣಾ ಸೇಲಿಂಗ್ ಕ್ಲಬ್ ಇದೆ. ಚೆನ್ನೈ, ಮುಂಬೈ, ಹೈದರಾಬಾದಿನಲ್ಲೂ ಹಾಯಿದೋಣಿ ಓಟ ಹಳೆಯ ಆಟ. ಓಟದಿಂದ ನಿವೃತ್ತಿಯಾದ ದೋಣಿಗಳು ಕೈ ಬದಲಾಗುತ್ತಾ ಯಾರದೋ ತೋಟದ ಮನೆ ಸೇರುತ್ತವೆ. ಅಲ್ಲಿ ಮಾವಿನ ಮರದ ಕೆಳಗೆ ವರ್ಷಗಟ್ಟಲೆ ಬಿದ್ದಿದ್ದು, ಮಕ್ಕಳು ದೊಡ್ಡವರಾದಾಗ ನಮ್ಮ ಹತ್ತಿರ ಬರುತ್ತವೆ.

ಹೀಗೆ ಬರುವುದರಲ್ಲಿ ಹೆಚ್ಚಿನವು ಎರಡು ಜಾತಿಯವು. ಒಂದು ಆಪ್ಟಿಮಿಸ್ಟ್. ಮಕ್ಕಳು ಒಬ್ಬರೇ ಕೂತು ನಡೆಸುವ ಪುಟ್ಟ ದೋಣಿ, 1947ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಕ್ಲಾರ್ಕ್ ಮಿಲ್ಸ್ ರೂಪಿಸಿದ್ದು. ಇನ್ನೊಂದು ಲೇಸರ್. ಉದ್ದ ಸುಮಾರು 4.2 ಮೀಟರ್, ದೊಡ್ಡವರು ಒಬ್ಬರು ನಡೆಸುವಂಥದ್ದು. 2019ರಿಂದ ಇದಕ್ಕೆ ಐಎಲ್‌ಸಿಎ ಅನ್ನುವ ಹೆಸರು ಬಂದಿದೆ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ವಿಷ್ಣು ಸರವಣನ್ ಕಂಚು ಗೆದ್ದಿದ್ದು ಇದೇ ಜಾತಿಯ ದೋಣಿಯಲ್ಲಿ. ಈ ಎರಡೂ ದೋಣಿಗಳಲ್ಲಿ ಒಂದು ದೊಡ್ಡ ಅನುಕೂಲವಿದೆ: ಅವುಗಳ ತೂಕ ಎಷ್ಟಿರಬೇಕು ಅಂತ ಎಲ್ಲರಿಗೂ ಗೊತ್ತಿದೆ. ಆಪ್ಟಿಮಿಸ್ಟ್ ಬಾಡಿ 35 ಕೆಜಿ. ಲೇಸರ್ ಬಾಡಿ 59 ಕೆಜಿ.

ಆದ್ದರಿಂದ ನಾನು ಹೇಳುವ ಮೊದಲ ಮಾತು, ತೂಗಿಸಿ. ಮಾಸ್ಟ್ (ಹಾಯಿ ಕಟ್ಟುವ ಕಂಬ), ಚುಕ್ಕಾಣಿ, ಹಗ್ಗ, ಹಾಯಿ ಎಲ್ಲ ಬಿಚ್ಚಿ. ಹಿಂದಿನ ಬಿರಡೆ ತೆಗೆದು ಒಳಗಿನ ನೀರು ಪೂರ್ತಿ ಸುರಿಸಿ. ಒರೆಸಿ, ಒಂದೆರಡು ದಿನ ಒಣಗಲು ಬಿಡಿ. ಆಮೇಲೆ ಎರಡು ಪಟ್ಟಿ ಹಾಕಿ ತೂಗುಹಾಕಿ. ತುಮಕೂರಿನವರಿಗೆ ಇದಕ್ಕೆ ಹುಡುಕಾಟವೇ ಬೇಡ. ಹುಣಸೆಹಣ್ಣಿನ ಮಂಡಿಯಲ್ಲಿ ಮೂಟೆ ತೂಗುವ ಕೊಕ್ಕೆಯ ತಕ್ಕಡಿ ಸಾಕು.

ತೂಕ ಯಾಕೆ ಇಷ್ಟು ಮುಖ್ಯ? ಲೇಸರಿನ ಡೆಕ್ (ಮೇಲಿನ ಮುಚ್ಚಿಗೆ), ಆಪ್ಟಿಮಿಸ್ಟಿನ ತಳ ಇವುಗಳಲ್ಲಿ ಎರಡು ತೆಳ್ಳಗಿನ ಫೈಬರ್ ಪದರದ ನಡುವೆ ಫೋಮ್ ಇರುತ್ತದೆ. ದೋಣಿ ಹಗುರವಾಗಿಯೂ ಗಟ್ಟಿಯಾಗಿಯೂ ಇರಲು ಅದೇ ಕಾರಣ. ಒಂದು ಸ್ಕ್ರೂ ತೂತಿನಿಂದಲೋ ಕೂದಲಿನಂಥ ಬಿರುಕಿನಿಂದಲೋ ನೀರು ಇಳಿಯುತ್ತಾ ಹೋದರೆ ಫೋಮ್ ಕುಡಿಯುತ್ತದೆ. ಕುಡಿದ ನೀರನ್ನು ಸುಲಭಕ್ಕೆ ಬಿಡುವುದಿಲ್ಲ. ಮೆಲ್ಲಗೆ ಫೈಬರ್ ಪದರ ಫೋಮಿನಿಂದ ಬಿಟ್ಟುಕೊಳ್ಳುತ್ತದೆ. ಹೊರಗಿಂದ ನೋಡಿದರೆ ಬಣ್ಣ ಚೆನ್ನಾಗಿಯೇ ಇರುತ್ತದೆ.

ಶಿರಾ ಗೇಟ್ ಕಡೆಯ ಒಬ್ಬರು ಮಗಳಿಗಾಗಿ ಎರಡು ಆಪ್ಟಿಮಿಸ್ಟ್ ನೋಡಿದ್ದರು. ಒಂದು ಹೊಸದಾಗಿ ಬಣ್ಣ ಬಳಿದಿದ್ದು, ನೀಲಿ, ಫಳಫಳ ಅನ್ನುತ್ತಿತ್ತು. ಇನ್ನೊಂದರ ಮೂತಿಯಲ್ಲಿ ಮುಷ್ಟಿ ತೂರುವಷ್ಟು ತೂತು. ಅಪ್ಪ, ಮಗಳು ಇಬ್ಬರಿಗೂ ನೀಲಿಯದರ ಮೇಲೇ ಮನಸ್ಸು. ತೂಗಿ ನೋಡಿದರೆ ನೀಲಿಯದು 46 ಕೆಜಿ, ತೂತಿನದು 36. ಬಣ್ಣಕ್ಕೆ, ಹಳೆಯ ತೇಪೆಗೆ ಒಂದೆರಡು ಕೆಜಿ ಬಿಟ್ಟರೂ ಉಳಿದಿದ್ದೆಲ್ಲ ನೀರು. "ಅಂಕಲ್, ತೂತಿರೋದನ್ನೇ ತಗೋಬೇಕಾ?" ಅಂತ ಹುಡುಗಿ ಬೇಜಾರಿನಲ್ಲಿ ಕೇಳಿದಳು. ಹೌದು ಮಗಳೇ, ಅದನ್ನೇ ತಗೋಬೇಕು ಅಂದೆ. ಆ ತೂತು ಈಗ ಎಲ್ಲಿತ್ತು ಅಂತ ಕೈಯಾಡಿಸಿದರೂ ಸಿಗುವುದಿಲ್ಲ. ನೀಲಿಯದಕ್ಕಾದರೆ ತಳವನ್ನೇ ಕೊಯ್ದು, ಫೋಮ್ ಕಿತ್ತು, ಹೊಸದಾಗಿ ಕಟ್ಟಬೇಕಿತ್ತು.

ಸುಮ್ನೆ ಕೆರೆಯಲ್ಲಿ ಓಡಾಡುವವರಿಗೆ ನಾಲ್ಕೈದು ಕೆಜಿ ಜಾಸ್ತಿ ಇದ್ದರೆ ನಾನು ಅಡ್ಡಿ ಹೇಳುವುದಿಲ್ಲ. ಲೇಸರ್ 64ರವರೆಗೆ ತೂಗಿದರೆ ಡೆಕ್‌ನಲ್ಲಿ ಒಂದು ಇನ್‌ಸ್ಪೆಕ್ಷನ್ ಮುಚ್ಚಳ ಕೂರಿಸಿ, ಅದರೊಳಗೆ ಚಿಕ್ಕ ಫ್ಯಾನ್ ಇಟ್ಟು ಒಣಗಿಸಬಹುದು. ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ನಮ್ಮ ಒಣ ಗಾಳಿ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. 70 ದಾಟಿದರೆ ದೋಣಿ ಪುಕ್ಕಟೆ ಬಂದರೂ ಬೇಡ.

ತೂಕದ ನಂತರ ಸದ್ದು. ಐದು ರೂಪಾಯಿ ನಾಣ್ಯ ತಗೊಂಡು ಇಡೀ ಬಾಡಿಯನ್ನು ಅಂಗೈ ಅಗಲಕ್ಕೊಮ್ಮೆ ತಟ್ಟುತ್ತಾ ಹೋಗಿ. ತಿಪಟೂರಿನವರು ಕಾಯಿಯನ್ನು ಕಿವಿ ಹತ್ತಿರ ಅಲ್ಲಾಡಿಸಿ ಒಳಗೆ ಕೊಬ್ಬರಿ ಬಿಟ್ಟುಕೊಂಡಿದೆಯೋ ಇಲ್ಲವೋ ಹೇಳುತ್ತಾರಲ್ಲ, ಇಲ್ಲೂ ಕಿವಿಗೇ ಕೆಲಸ. ಗಟ್ಟಿ ಜಾಗ ಟಣ್ ಅನ್ನುತ್ತದೆ. ಪದರ ಬಿಟ್ಟ ಜಾಗ ಡಬ್ ಅನ್ನುತ್ತದೆ. ಡಬ್ ಅಂದ ಕಡೆಯೆಲ್ಲ ಪೆನ್ಸಿಲ್‌ನಲ್ಲಿ ಗೆರೆ ಎಳೆಯಿರಿ. ಅಂಗೈಯಷ್ಟು ಜಾಗವಾದರೆ ಸಣ್ಣ ತೂತು ಕೊರೆದು ಎಪಾಕ್ಸಿ ಅಂಟು ಇಳಿಸಿ ಒತ್ತಿಟ್ಟರೆ ಆಯಿತು. ಅರ್ಧ ಡೆಕ್ ಗೆರೆಯೊಳಗೆ ಬಂದರೆ ಅಲ್ಲಿಗೇ ನಿಲ್ಲಿಸಿ. ಮಂಡಿಯೂರಿದಾಗ ಡೆಕ್ ಒಳಕ್ಕೆ ಬಗ್ಗಿದರೂ ಅಷ್ಟೇ.

ಲೇಸರಿನಲ್ಲಿ ಇನ್ನೊಂದು ಜಾಗವನ್ನು ಬಿಡದೆ ನೋಡಬೇಕು. ಮಾಸ್ಟ್ ನಿಲ್ಲಿಸುವ ಗುಂಡಿ. ಗಾಳಿಯ ಬಲವೆಲ್ಲ ಬಾಡಿಗೆ ಇಳಿಯುವುದು ಅಲ್ಲಿಂದಲೇ. ಆ ಗುಂಡಿಗೆ ನೀರು ತುಂಬಿ, ಮಟ್ಟಕ್ಕೆ ಗುರುತು ಹಾಕಿ, ಕಾಯಿರಿ. ನೀರು ಇಳಿದರೆ ಅದು ದೋಣಿಯ ಹೊಟ್ಟೆಗೆ ಹೋಗುತ್ತಿದೆ, ತಳದ ಅಂಟು ಬಿಟ್ಟಿದೆ ಅಂತ ಅರ್ಥ. ರಿಪೇರಿ ಆಗುತ್ತದೆ, ಆದರೆ ಮಾಡದೆ ನೀರಿಗಿಳಿದರೆ ಜೋರು ಗಾಳಿಗೆ ಮಾಸ್ಟ್ ಡೆಕ್ಕನ್ನೇ ಸೀಳಿಕೊಂಡು ಬೀಳಬಹುದು.

ಬಿರಡೆಯ ವಿಷಯವೂ ಹೇಳಿಬಿಡುತ್ತೇನೆ, ಯಾಕೆಂದರೆ ಇದನ್ನು ಯಾರೂ ಹೇಳುವುದಿಲ್ಲ. ತುಮಕೂರು ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಚೆನ್ನೈಗಿಂತ ಸುಮಾರು 9% ಕಡಿಮೆ. ಬಿರಡೆ ಬಿಗಿದು ಲಾರಿಗೆ ಹಾಕಿದರೆ ಒಳಗಿನ ಗಾಳಿ ಹಿಗ್ಗುತ್ತದೆ, ಮೇಲೆ ಬಿಸಿಲು ಬೇರೆ. ಡೆಕ್ ಮತ್ತು ಬಾಡಿ ಸೇರುವ ಅಂಚು ಬಾಯಿ ಬಿಡಲು ಅಷ್ಟು ಸಾಕು. ದೂರದಿಂದ ತರಿಸುವಾಗ ಬಿರಡೆ ತೆಗೆದೇ ತರಿಸಿ. ಶೆಡ್ಡಿನಲ್ಲಿ ಇಡುವಾಗಲೂ ಬಿರಡೆ ತೆಗೆದಿರಲಿ.

ಇನ್ನು ತೂತು. ಒಡೆದ ಅಂಚನ್ನು ಒಳ್ಳೆಯ ಫೈಬರ್ ಸಿಗುವವರೆಗೆ ಕತ್ತರಿಸಿ, ಸುತ್ತ ಇಳಿಜಾರಾಗಿ ಉಜ್ಜಬೇಕು. ಬಾಡಿಯ ದಪ್ಪಕ್ಕೆ ಹನ್ನೆರಡರಷ್ಟು ಅಗಲ ಅನ್ನುವುದು ರೂಢಿಯ ಲೆಕ್ಕ. 3 ಮಿಲಿಮೀಟರ್ ದಪ್ಪಕ್ಕೆ ಸುತ್ತಲೂ 36 ಮಿಲಿಮೀಟರ್. ಆ ಇಳಿಜಾರಿನ ಮೇಲೆ ರೆಸಿನ್ (ಗಟ್ಟಿಯಾಗುವ ಅಂಟು) ಕುಡಿಸಿದ ಫೈಬರ್ ಮ್ಯಾಟ್ ಪದರಗಳು ಒಂದರ ಮೇಲೊಂದು ಕೂತರೆ ಹೊಸದು, ಹಳೆಯದು ಒಂದೇ ಆಗುತ್ತದೆ. ಬರೀ ಪುಟ್ಟಿ ಮೆತ್ತಿ ಬಣ್ಣ ಬಳಿದ ತೇಪೆ ರಿಪೇರಿಯಲ್ಲ. ಅಂಥದ್ದು ಕಂಡರೆ ಕಿತ್ತು ನೋಡಿಯೇ ಬೆಲೆ ಮಾತಾಡಿ.

ಮನೆಯಲ್ಲೇ ಮಾಡುವವರಿಗೆ ಎರಡು ಎಚ್ಚರಿಕೆ. ದೋಣಿಯ ಫೋಮ್ ಥರ್ಮಾಕೋಲ್ ಜಾತಿಯದಾದರೆ ಪಾಲಿಯೆಸ್ಟರ್ ರೆಸಿನ್ ಅದನ್ನು ಕರಗಿಸಿಬಿಡುತ್ತದೆ. ಅಲ್ಲಿ ಎಪಾಕ್ಸಿಯೇ ಬೇಕು. ಎರಡನೆಯದು ಜೀವದ ಮಾತು. ಪಾಲಿಯೆಸ್ಟರ್ ರೆಸಿನ್ ಗಟ್ಟಿಯಾಗಲು ಹಾಕುವ ಕೋಬಾಲ್ಟ್ ಮತ್ತು ಹಾರ್ಡ್‌ನರ್ ಎರಡನ್ನೂ ನೇರವಾಗಿ ಯಾವತ್ತೂ ಬೆರೆಸಬಾರದು, ಬೆಂಕಿ ಹತ್ತಿ ಸಿಡಿಯುತ್ತದೆ. ಕೋಬಾಲ್ಟನ್ನು ಮೊದಲು ರೆಸಿನ್‌ಗೆ ಹಾಕಿ ಚೆನ್ನಾಗಿ ಕಲಸಿ, ಆಮೇಲೆ ಹಾರ್ಡ್‌ನರ್. ಅದೂ ನೂರಕ್ಕೆ ಒಂದೆರಡು ಪಾಲು. ಹಾರ್ಡ್‌ನರ್ ಕಣ್ಣಿಗೆ ಸಿಡಿದರೆ ದೃಷ್ಟಿಗೇ ಕುತ್ತು. ಕನ್ನಡಕವಿಲ್ಲದೆ ಡಬ್ಬಿ ತೆರೆಯಬೇಡಿ.

ಮರದ ದೋಣಿಗಳು ಅಪರೂಪಕ್ಕೆ ಬರುತ್ತವೆ, ಹೆಚ್ಚಾಗಿ ಎಂಟರ್‌ಪ್ರೈಸ್. 1956ರಲ್ಲಿ ಇಂಗ್ಲೆಂಡಿನ ಜ್ಯಾಕ್ ಹೋಲ್ಟ್ ಪ್ಲೈವುಡ್‌ನಲ್ಲಿ ಮಾಡಲೆಂದೇ ರೂಪಿಸಿದ ದೋಣಿ. ನೋಡಲು ಬಹಳ ಚೆಂದ, ಅದಕ್ಕೇ ಜನ ಮೋಸಹೋಗುತ್ತಾರೆ. ಮರವನ್ನು ಕೊಳೆಸುವುದು ಉಪ್ಪುನೀರಿಗಿಂತ ಮಳೆನೀರು. ಮಗುಚಿ ಇಡದೆ ಮಳೆಯಲ್ಲಿ ಬಿಟ್ಟ ದೋಣಿಯ ಹಿಂಬದಿಯ ಮೂಲೆಗಳು, ನಡುವಿನ ಸೆಂಟರ್‌ಬೋರ್ಡ್ (ನೀರಿಗೆ ಇಳಿಬಿಡುವ ಹಲಗೆ) ಪೆಟ್ಟಿಗೆಯ ಬುಡ, ಮಾಸ್ಟಿನ ಕೆಳಗಿನ ಮರ ಇವಕ್ಕೆ ಸ್ಕ್ರೂಡ್ರೈವರ್ ಮೊನೆ ಒತ್ತಿ ನೋಡಿ. ಬೆಣ್ಣೆಯಂತೆ ಇಳಿದರೆ ಕೊಳೆತಿದೆ. ನಮ್ಮ ಕಡೆ ಗೆದ್ದಲಿನ ಮಣ್ಣು ಗೆರೆಯನ್ನೂ ಹುಡುಕಬೇಕು. ಒಂದು ಹಲಗೆ ಹೋಗಿದ್ದರೆ ಐಎಸ್ 710 ಮುದ್ರೆಯ ಮರೈನ್ ಪ್ಲೈ ತಂದು ಹಾಕಬಹುದು. ಸೆಂಟರ್‌ಬೋರ್ಡ್ ಪೆಟ್ಟಿಗೆ ಮತ್ತು ಅದರ ಕೆಳಗಿನ ಬೆನ್ನುಮರ ಎರಡೂ ಮೆತ್ತಗಾಗಿದ್ದರೆ, ನೀವು ಮಾಡಿಸುವುದು ರಿಪೇರಿಯಲ್ಲ, ಹೊಸ ದೋಣಿ.

ಬಾಡಿ ಪಾಸಾದರೂ ಅರ್ಧ ಪರೀಕ್ಷೆ ಉಳಿದಿರುತ್ತದೆ. ಮಾಸ್ಟ್, ಬೂಮ್ (ಹಾಯಿಯ ಕೆಳಗಿನ ಅಡ್ಡಕೋಲು), ಚುಕ್ಕಾಣಿ, ಡ್ಯಾಗರ್‌ಬೋರ್ಡ್ (ನಡುವೆ ನೀರಿಗೆ ನೇರ ಇಳಿಸುವ ಹಲಗೆ), ಹಾಯಿ ಎಲ್ಲ ಇವೆಯಾ? ಚುಕ್ಕಾಣಿ, ಬೋರ್ಡ್ ನಾವು ಇಲ್ಲೇ ಮಾಡಿಕೊಡುತ್ತೇವೆ. ಹಾಯಿ ಆಗುವುದಿಲ್ಲ. ಅದು ಚಪ್ಪಟೆ ಬಟ್ಟೆಯಲ್ಲ, ಪಟ್ಟಿಗಳನ್ನು ವಾರೆಯಾಗಿ ಕತ್ತರಿಸಿ ಹೊಟ್ಟೆ ಬರುವಂತೆ ಹೊಲಿದಿರುತ್ತಾರೆ. ಶಾಮಿಯಾನ ಹೊಲಿಯುವವರ ಕೈಲಿ ಅದಾಗದು. ಹಳೆಯ ಹಾಯಿಯ ಹೊಲಿಗೆಯನ್ನು ಉಗುರಿನಿಂದ ಕೆರೆಯಿರಿ. ದಾರ ಪುಡಿಯಾದರೆ ಬಿಸಿಲು ತಿಂದಿದೆ. ಅಲ್ಯುಮಿನಿಯಂ ಮಾಸ್ಟಿನಲ್ಲಿ ಸ್ಟೀಲ್ ರಿವೆಟ್ ಇರುವ ಕಡೆ ಬಿಳಿ ಪುಡಿ ಎದ್ದಿದೆಯಾ ನೋಡಿ, ಮುರಿಯುವುದು ಅಲ್ಲಿಂದಲೇ. ಲೇಸರ್, ಆಪ್ಟಿಮಿಸ್ಟ್ ಆದರೆ ಭಾಗಗಳು ದುಡ್ಡಿಗೆ ಸಿಗುತ್ತವೆ. ಹೆಸರೇ ಗೊತ್ತಿಲ್ಲದ ಹಳೆಯ ದೋಣಿಗೆ ಯಾವುದೂ ಹೊಂದುವುದಿಲ್ಲ, ಪ್ರತಿಯೊಂದನ್ನೂ ಹೇಳಿ ಮಾಡಿಸಬೇಕು. ಹಾಗಾಗಿ ಖರ್ಚಿನ ಪಟ್ಟಿ ಬರೆಯುವಾಗ ಹಾಯಿಯಿಂದ ಶುರುಮಾಡಿ, ಬಾಡಿಯ ತೂತನ್ನು ಕೊನೆಗೆ ಬರೆಯಿರಿ.

ಅದಕ್ಕೂ ಮೊದಲು, ಯಾವ ನೀರಿಗೆ ಬಿಡುತ್ತೀರಿ? ನಮ್ಮ ಜಿಲ್ಲೆಯ ಹಲವು ಕೆರೆಗಳು ಕುಡಿಯುವ ನೀರಿನವು, ಕೆಲವು ಮೀನು ಗುತ್ತಿಗೆಗೆ ಹೋದವು. ಕೆರೆ ಯಾವ ಇಲಾಖೆಯದೋ ಅಲ್ಲಿ ಕೇಳದೆ ದೋಣಿ ಇಳಿಸುವಂತಿಲ್ಲ. ದೋಣಿ ಸಿದ್ಧವಾದ ಮೇಲೆ ಕೇಳುವ ಪ್ರಶ್ನೆಯಲ್ಲ ಇದು.

ಎಲ್ಲ ನೋಡಿ ಬೇಡ ಅಂತ ತೀರ್ಮಾನವಾದರೆ, ದೋಣಿಯನ್ನು ಗುಜರಿಗೆ ಹಾಕುತ್ತೇನೆ ಅಂತ ಅಂದುಕೊಳ್ಳಬೇಡಿ. ಗುಜರಿಯವರು ಅಲ್ಯುಮಿನಿಯಂ, ಸ್ಟೀಲ್ ತಗೊಳ್ಳುತ್ತಾರೆ, ಫೈಬರನ್ನು ಮುಟ್ಟುವುದಿಲ್ಲ. ಅದು ಕರಗಿಸಿ ಮತ್ತೆ ಬಳಸುವಂಥದ್ದಲ್ಲ. ಸುಡಲಂತೂ ಬೇಡ, ಆ ಹೊಗೆ ವಿಷ. ಮಾಸ್ಟ್, ರಾಟೆ, ಚುಕ್ಕಾಣಿಯ ಕೊಂಡಿ, ಒಳ್ಳೆಯ ಹಗ್ಗ ಎಲ್ಲವನ್ನೂ ಬಿಚ್ಚಿ ಒಂದು ಪೆಟ್ಟಿಗೆಗೆ ಹಾಕಿ ಕ್ಲಬ್ಬಿನವರಿಗೆ ತಿಳಿಸಿ. ಬಾಡಿ ಗಟ್ಟಿಯಿದ್ದು ಮಾಸ್ಟ್ ಇಲ್ಲದೆ ನಿಂತ ದೋಣಿ ಇನ್ನೊಬ್ಬರ ಶೆಡ್ಡಿನಲ್ಲಿ ಇದ್ದೇ ಇರುತ್ತದೆ. ಎರಡು ಕೆಟ್ಟ ಲೇಸರ್ ಸೇರಿಸಿ ಒಂದು ಒಳ್ಳೆಯದನ್ನು ನಾವು ಮಾಡಿಕೊಟ್ಟಿದ್ದೇವೆ. ಉಳಿದ ಬಾಡಿಯನ್ನು ಯಾರಿಗಾದರೂ ಕೊಡುವಾಗ ಅದರ ತೂಕ ಎಷ್ಟು, ಎಲ್ಲಿ ಮೆತ್ತಗಿದೆ ಅಂತ ಡೆಕ್ ಮೇಲೇ ಮಾರ್ಕರ್‌ನಲ್ಲಿ ಬರೆದುಕೊಡಿ.