ಭಾಷೆ ಬದಲಾಯಿಸಿದರೂ ನಕಲು ನಕಲೇ

ಮುಂಬೈನಲ್ಲಿ ಕನ್ನಡ ಎಂ.ಎ. ಮಾಡುವ ನಾವು ಓದುವುದು ಮರಾಠಿ, ಇಂಗ್ಲಿಷ್‌ನಲ್ಲಿ. ಬರೆಯುವುದು ಕನ್ನಡದಲ್ಲಿ. ಹಾಗಾಗಿ ನಕಲು ಮಾಡಿದ್ದು ಎಷ್ಟೋ ಸಲ ನಮಗೇ ಗೊತ್ತಾಗುವುದಿಲ್ಲ.

ಒಂದು ಉದಾಹರಣೆ ನೋಡೋಣ. 1982ರ ಜನವರಿ 18ರಂದು ಕಾರ್ಮಿಕ ನಾಯಕ ದತ್ತಾ ಸಾಮಂತರ ಮುಂದಾಳತ್ವದಲ್ಲಿ ಮುಂಬೈ ಬಟ್ಟೆ ಗಿರಣಿ ಕಾರ್ಮಿಕರ ಮುಷ್ಕರ ಶುರುವಾಯಿತು. ಇದು ಎಲ್ಲರಿಗೂ ತಿಳಿದ ಸಂಗತಿ. ನಿಮ್ಮ ಮಾತಿನಲ್ಲಿ ಬರೆದರೆ ಸಾಕು. ಆದರೆ 'ಮುಷ್ಕರ ಮೊದಲು ಸೋತದ್ದು ಕಾರ್ಮಿಕರ ಅಡುಗೆಮನೆಯಲ್ಲಿ' ಎಂದು ಯಾವುದೋ ಮರಾಠಿ ಪುಸ್ತಕದಲ್ಲಿದೆ ಅಂದುಕೊಳ್ಳಿ. ಅದು ಒಬ್ಬರು ಯೋಚಿಸಿ ಕಂಡುಕೊಂಡ ಮಾತು. ಕನ್ನಡಕ್ಕೆ ತಂದರೂ ಅವರದೇ. 'ಮನೆಯಲ್ಲಿ ಅಕ್ಕಿ ಮುಗಿದಾಗ ಮುಷ್ಕರವೂ ಮುಗಿಯಿತು' ಎಂದು ತಿರುಗಿಸಿ ಬರೆದರೂ ಅವರದೇ. ಲೇಖಕರು, ಪುಸ್ತಕ, ವರ್ಷ, ಪುಟ ಕೊಡಲೇಬೇಕು.

ಮುಂಬೈನ ಪರೇಲಿನ ಚಾಳಿನಲ್ಲಿ, ಅಂದರೆ ಕಾರ್ಮಿಕರ ವಠಾರದಲ್ಲಿ, ಕೂತು ಹಳೆಯ ಕಾರ್ಮಿಕರೊಬ್ಬರು ಹೇಳಿದ್ದನ್ನು ಬರೆದುಕೊಂಡರೂ ಹೀಗೇ. ಒಪ್ಪಿಗೆ ಕೇಳಿ, ಭೇಟಿಯಾದ ದಿನ ಬರೆಯಿರಿ. ಪುಸ್ತಕ ಬರೆಯದವರ ಮಾತನ್ನು ಸುಮ್ನೆ ನಮ್ಮದು ಮಾಡಿಕೊಳ್ಳುವುದು ನನ್ನ ಪ್ರಕಾರ ಇನ್ನೂ ದೊಡ್ಡ ತಪ್ಪು.

ಇನ್ನು ಪರ್ಸೆಂಟ್ ಲೆಕ್ಕ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದ ಪ್ರಕಾರ ಸಂಶೋಧನಾ ಪ್ರಬಂಧದಲ್ಲಿ ಬೇರೆಯವರ ಬರಹದೊಂದಿಗೆ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡವಿಲ್ಲ. ಶೇ. 40ರವರೆಗೆ ಇದ್ದರೆ ತಿದ್ದಿ ಕೊಡಬೇಕು, ಹೆಚ್ಚೆಂದರೆ 6 ತಿಂಗಳೊಳಗೆ. ಶೇ. 60ರವರೆಗೆ ಇದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ. ಅದಕ್ಕೂ ಜಾಸ್ತಿಯಾದರೆ ನೋಂದಣಿಯೇ ರದ್ದು. ಆಕರ ಹೇಳಿ ಉದ್ಧರಿಸಿದ ಮಾತು, ಗ್ರಂಥಸೂಚಿ ಇದರಲ್ಲಿ ಸೇರುವುದಿಲ್ಲ. ಅಸೈನ್‌ಮೆಂಟ್, ಪರೀಕ್ಷೆಯ ಉತ್ತರ ಪತ್ರಿಕೆ ಈ ನಿಯಮದ ಹೊರಗಿವೆ. ಅವುಗಳಿಗೆ ಕಾಲೇಜಿನ ನಿಯಮ ಕೇಳಿ ತಿಳಿದುಕೊಳ್ಳಿ.

ಶೇ. 10 ಅಂದರೆ ಅಷ್ಟು ಕದಿಯಬಹುದು ಅಂತಲ್ಲ. ಅನುವಾದಿಸಿದ ಸಾಲು ಎಷ್ಟೋ ಸಲ ಹೋಲಿಕೆ ಹುಡುಕುವ ಸಾಫ್ಟ್‌ವೇರ್‌ಗೆ ಸಿಗುವುದೇ ಇಲ್ಲ. ಆದರೂ ಅದು ಕೃತಿಚೌರ್ಯವೇ ಅಲ್ವಾ?

ಗೆಳತಿಗೆ ಅಸೈನ್‌ಮೆಂಟ್ ಕೊಟ್ಟು 'ಸ್ವಲ್ಪ ಬದಲಿಸಿ ಬರಿ' ಅನ್ನುವುದರಲ್ಲಿ ಇಬ್ಬರದೂ ತಪ್ಪಿದೆ.

ಮೊದಲ ವರ್ಷ ನನ್ನ ನೋಟ್ಸ್‌ನಲ್ಲಿ ಪುಟ ಸಂಖ್ಯೆ ಇರಲಿಲ್ಲ. ಎರಡು ತಿಂಗಳು ಕಳೆದು ತೆರೆದರೆ ಯಾವ ಸಾಲು ನನ್ನದು, ಯಾವುದು ಪುಸ್ತಕದ್ದು ಗೊತ್ತಾಗಲಿಲ್ಲ. ಸಲ್ಲಿಸಲು ಮೂರು ದಿನ ಉಳಿದಿತ್ತು. ಆರು ಪುಟ ಹೊಡೆದುಹಾಕಿದೆ. ಈಗ ಪುಸ್ತಕದ ಮಾತು ನೀಲಿ ಪೆನ್ನಿನಲ್ಲಿ, ನನ್ನದು ಪೆನ್ಸಿಲ್‌ನಲ್ಲಿ. ಡೊಂಬಿವಲಿ ಲೋಕಲ್ ರೈಲಿನಲ್ಲಿ ಓದಲು ಪುಟಗಳ ಫೋಟೊ ತೆಗೆದುಕೊಳ್ಳುವಾಗಲೂ ಮೊದಲ ಫೋಟೊ ಪುಸ್ತಕದ ಹೆಸರು, ಪ್ರಕಟಣೆಯ ವರ್ಷ ಇರುವ ಪುಟದ್ದೇ.