ಮೂತಿ ನೋಡಿ ಅಪರ್ಚರ್ ಇಡಿ

ನಾಯಿಗಳ ಫೋಟೊ ತೆಗೆಯುವವರಲ್ಲಿ ಒಂದು ಮೂಢನಂಬಿಕೆ ಗಟ್ಟಿಯಾಗಿ ಬೇರೂರಿದೆ. ಒಳ್ಳೆಯ ಪೋರ್ಟ್ರೇಟ್ ಬೇಕಾದರೆ ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ರಂಧ್ರ, ಪೂರ್ತಿ ತೆರೆಯಬೇಕಂತೆ. ಎಫ್ ಮುಂದಿನ ಸಂಖ್ಯೆ ಚಿಕ್ಕದಾದಷ್ಟೂ ರಂಧ್ರ ದೊಡ್ಡದು. ಎಫ್/1.8 ಇದ್ದರೆ ಒಳ್ಳೆಯದು, ಎಫ್/1.4 ಇದ್ದರೆ ಇನ್ನೂ ಒಳ್ಳೆಯದು. ಹಿನ್ನೆಲೆ ಕರಗುತ್ತದೆ, ಮುಖ ಎದ್ದು ಕಾಣುತ್ತದೆ, ಮುಗೀತು!

ಮನುಷ್ಯರ ಮುಖಕ್ಕೆ ಇದು ಹೇಗೋ ನಡೆದುಹೋಗುತ್ತದೆ. ನಮ್ಮ ಮೂಗು ಕಣ್ಣಿಗಿಂತ ಮೂರೋ ನಾಲ್ಕೋ ಸೆಂಟಿಮೀಟರ್ ಮುಂದಿರುತ್ತದೆ, ಅಷ್ಟೆ. ಜರ್ಮನ್ ಶೆಫರ್ಡ್‌ನ ಮೂಗು ಕಣ್ಣಿಗಿಂತ 10 ಸೆಂ.ಮೀ.ನಷ್ಟು ಮುಂದೆ ಚಾಚಿಕೊಂಡಿರುತ್ತದೆ. ಅದಕ್ಕೂ ನಮಗೂ ಒಂದೇ ಸೂತ್ರ ಹೇಗೆ ಹೊಂದುತ್ತದೆ?

ಲೆಕ್ಕ ಹಾಕೋಣ. ಫುಲ್ ಫ್ರೇಮ್ ಕ್ಯಾಮೆರಾ (ಚಿತ್ರ ಹಿಡಿಯುವ ಸೆನ್ಸರ್ ಹಳೆಯ 35 ಮಿ.ಮೀ. ಫಿಲ್ಮಿನಷ್ಟೇ ದೊಡ್ಡದಿರುವುದು), 85 ಮಿ.ಮೀ. ಲೆನ್ಸ್, ಒಂದೂವರೆ ಮೀಟರ್ ದೂರದಲ್ಲಿ ನಾಯಿ. ಎಫ್/1.8ರಲ್ಲಿ ಸ್ಪಷ್ಟವಾಗಿ ಮೂಡುವ ಆಳ, ಅಂದರೆ ಡೆಪ್ತ್ ಆಫ್ ಫೀಲ್ಡ್, ಸುಮಾರು 3.4 ಸೆಂ.ಮೀ. ಅದರಲ್ಲಿ ಮೂರನೇ ಒಂದು ಭಾಗ ಮುಂದೆ, ಉಳಿದದ್ದು ಹಿಂದೆ ಎಂದು ಬಹಳ ಜನ ಹೇಳುತ್ತಾರೆ. ಅದು ಯಾವುದೋ ಒಂದು ನಿರ್ದಿಷ್ಟ ದೂರದಲ್ಲಿ ಮಾತ್ರ ನಿಜ. ಇಷ್ಟು ಹತ್ತಿರದಲ್ಲಿ ಹೆಚ್ಚುಕಡಿಮೆ ಸಮಪಾಲು. ಕಣ್ಣಿಗೆ ಫೋಕಸ್ ಮಾಡಿದರೆ ಮುಂದಕ್ಕೆ ಸಿಗುವುದು 1.7 ಸೆಂ.ಮೀ. ಪಗ್ ಆಗಿದ್ದರೆ ಪರವಾಗಿಲ್ಲ. ಶೆಫರ್ಡ್ ಆದರೆ ಮೂಗಿನ ಜಾಗದಲ್ಲಿ ಕಪ್ಪು ಮುದ್ದೆ.

ಇದು ಯಾಕೆ ಹೀಗೆ? ನಾಯಿಯ ಒಂದೇ ಒಂದು ಕೂದಲ ತುದಿಯನ್ನು ನೆನೆಸಿಕೊಳ್ಳಿ. ಅಲ್ಲಿಂದ ಹೊರಟ ಬೆಳಕು ಲೆನ್ಸಿನ ರಂಧ್ರದ ತುಂಬ ಹರಡಿ ಒಳಗೆ ಬರುತ್ತದೆ. ಆಮೇಲೆ ಕಿರಿದಾಗುತ್ತ ಹೋಗಿ ಒಂದು ಬಿಂದುವಿನಲ್ಲಿ ಸೇರಿ, ಮತ್ತೆ ಅಗಲವಾಗುತ್ತದೆ. ಥೇಟ್ ಡಮರುಗದ ಆಕಾರ. ಸೆನ್ಸರ್ ಸರಿಯಾಗಿ ಡಮರುಗದ ನಡುವಿಗೇ ಬಿದ್ದರೆ ಆ ಕೂದಲ ತುದಿ ಚುಕ್ಕಿಯಾಗಿ ಮೂಡುತ್ತದೆ. ನಡುವಿಗಿಂತ ಸ್ವಲ್ಪ ಆಚೀಚೆ ಆದರೆ ಚುಕ್ಕಿಯ ಬದಲು ಪುಟ್ಟ ವೃತ್ತ. ಫುಲ್ ಫ್ರೇಮ್ ಸೆನ್ಸರ್ ಮೇಲೆ ಆ ವೃತ್ತ 0.03 ಮಿ.ಮೀ. ದಾಟದಿದ್ದರೆ ಅದನ್ನೂ ಚುಕ್ಕಿ ಎಂದೇ ಒಪ್ಪಿಕೊಳ್ಳುವುದು ವಾಡಿಕೆ. ಡೆಪ್ತ್ ಆಫ್ ಫೀಲ್ಡ್ ಅಂದರೆ ಈ ಒಪ್ಪಂದವೇ. ಇಲ್ಲಿವರೆಗೆ ಸ್ಪಷ್ಟ, ಇಲ್ಲಿಂದ ಮಸುಕು ಅನ್ನುವ ಗೋಡೆ ಯಾವುದೂ ಇಲ್ಲ. ರಂಧ್ರ ಕಿರಿದು ಮಾಡಿದರೆ ಡಮರುಗ ಸಪೂರವಾಗುತ್ತದೆ. ಆಗ ಸೆನ್ಸರ್ ನಡುವಿನಿಂದ ಸ್ವಲ್ಪ ಸರಿದಿದ್ದರೂ ವೃತ್ತ ಚಿಕ್ಕದಾಗೇ ಉಳಿಯುತ್ತದೆ.

ಇದು ಕ್ಯಾಮೆರಾಕ್ಕಿಂತ ಹಳೆಯ ತಿಳಿವಳಿಕೆ. 1560ರ ದಶಕದ ಕೊನೆಯಲ್ಲೇ ವೆನಿಸ್‌ನ ವಿದ್ವಾಂಸ ದಾನಿಯೆಲೆ ಬಾರ್ಬರೊ ಇದನ್ನು ಬರೆದಿಟ್ಟಿದ್ದ. ಕತ್ತಲೆ ಕೋಣೆಯ ಕಿಂಡಿಗೆ ಮುದುಕರ ಕನ್ನಡಕದ ಉಬ್ಬು ಗಾಜು ಹಾಕಿ, ಅದರ ಅಂಚು ಮುಚ್ಚಿ, ನಡುವೆ ಸ್ವಲ್ಪ ಮಾತ್ರ ತೆರೆದಿಡಿ, ಚಿತ್ರ ಚೊಕ್ಕವಾಗಿ ಬೀಳುತ್ತದೆ ಅಂತ. ಫಿಲ್ಮ್ ಇಲ್ಲದ ಕಾಲಕ್ಕೆ ಅಪರ್ಚರ್ ಇತ್ತು ಅಂದರೆ ಖುಷಿ ಆಗುತ್ತದೆ ಅಲ್ವಾ? ಮುಂದೆ 1932ರಲ್ಲಿ ಅಮೆರಿಕದ ಫೋಟೊಗ್ರಾಫರುಗಳಾದ ಆನ್ಸೆಲ್ ಆಡಮ್ಸ್, ಎಡ್ವರ್ಡ್ ವೆಸ್ಟನ್, ಇಮೊಜೆನ್ ಕನ್ನಿಂಗ್‌ಹ್ಯಾಮ್ ಮೊದಲಾದವರು ಎಫ್/64 ಅನ್ನೇ ತಮ್ಮ ಗುಂಪಿನ ಹೆಸರು ಮಾಡಿಕೊಂಡರು. ಅದು ದೊಡ್ಡ ದೊಡ್ಡ ಫಿಲ್ಮ್ ಹಾಳೆಗಳ ಕಾಲ. ಇವತ್ತಿನ ಕ್ಯಾಮೆರಾದಲ್ಲಿ ಎಫ್/22ಕ್ಕೆ ಹೋದರೂ ಸಾಕು, ಬೆಳಕು ಕಿರಿದಾದ ರಂಧ್ರದ ಅಂಚಿಗೆ ಬಾಗಿ ಹರಡಿ, ಇಡೀ ಚಿತ್ರವೇ ಮೆತ್ತಗಾಗುತ್ತದೆ.

ನಮ್ಮ ಶೆಫರ್ಡ್‌ಗೆ ಬರೋಣ. ಎಫ್/5.6ರಲ್ಲಿ ಆಳ ಸುಮಾರು 10.5 ಸೆಂ.ಮೀ. ಮೂಗು ಇನ್ನೂ ಸ್ವಲ್ಪ ಮೃದುವಾಗೇ ಇರುತ್ತದೆ, ಆದರೆ ಅದರ ಒರಟು ಚರ್ಮ ಗುರುತು ಸಿಗುತ್ತದೆ. ನನಗಂತೂ ಇಷ್ಟು ಸಾಕು. ಮೂಗೂ ಅಷ್ಟೇ ಚೂಪಾಗಿ ಬೇಕು ಅನ್ನುವವರು ಎಫ್/11ಕ್ಕೆ ಹೋಗಬೇಕು.

"ಹಾಗಾದರೆ ಹಿನ್ನೆಲೆ ಕರಗುವುದಿಲ್ಲವಲ್ಲ!" ಎನ್ನುತ್ತೀರಿ. ನನಗೆ ಬಹಳ ಇಷ್ಟವಾದ ವಿಷಯ ಇರುವುದು ಇಲ್ಲೇ. ಮುಖದ ಆಳ ಮತ್ತು ಹಿನ್ನೆಲೆಯ ಮಸುಕು, ಇವೆರಡೂ ಒಂದೇ ಅಲ್ಲ. ಬಹಳ ದೂರದಲ್ಲಿ ಒಂದು ದೀಪ ಇದೆ ಎಂದುಕೊಳ್ಳಿ. ಅದರಿಂದ ಲೆನ್ಸಿನೊಳಗೆ ಬರುವ ಕಿರಣಗಳೆಲ್ಲ ಹೆಚ್ಚುಕಡಿಮೆ ಸಮಾನಾಂತರ. ಆ ಕಿರಣಗಳ ಕಟ್ಟಿನ ದಪ್ಪ ಲೆನ್ಸಿನ ರಂಧ್ರದಷ್ಟೇ ಇರುತ್ತದೆ. ನಾಯಿಯ ಮುಖ ಇರುವ ಮಟ್ಟವನ್ನು ದಾಟುವಾಗಲೂ ಅಷ್ಟೇ ದಪ್ಪ. ಫೋಕಸ್ ಇರುವುದು ಆ ಮಟ್ಟಕ್ಕೇ. ಹಾಗಾಗಿ ಫೋಟೊದಲ್ಲಿ ದೀಪ ಎಷ್ಟು ದೊಡ್ಡ ವೃತ್ತವಾಗಿ ಕಾಣುತ್ತದೆ? ನಾಯಿಯ ಮುಖದ ಪಕ್ಕದಲ್ಲಿ ಲೆನ್ಸಿನ ರಂಧ್ರವನ್ನೇ ಇಟ್ಟರೆ ಎಷ್ಟು ಕಾಣುತ್ತಿತ್ತೋ ಅಷ್ಟೇ!

ಈಗ ಬರೀ ಭಾಗಾಕಾರ: ಲೆನ್ಸಿನ ಮಿ.ಮೀ. ಅನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ರಂಧ್ರದ ಅಗಲ ಸಿಗುತ್ತದೆ. 85 ಮಿ.ಮೀ. ಲೆನ್ಸ್ ಎಫ್/5.6ರಲ್ಲಿ ಇದ್ದರೆ ರಂಧ್ರ 15 ಮಿ.ಮೀ. 200 ಮಿ.ಮೀ. ಲೆನ್ಸ್ ಹಾಕಿ, ನಾಯಿಯಿಂದ ಮೂರೂವರೆ ಮೀಟರ್ ದೂರದಲ್ಲಿ ನಿಂತು, ನಾಯಿಯ ಮುಖ ಮೊದಲಿನಷ್ಟೇ ದೊಡ್ಡದಾಗಿ ಬರುವ ಹಾಗೆ ನೋಡಿಕೊಳ್ಳಿ. ಎಫ್/5.6 ಹಾಗೇ ಇರಲಿ. ಮುಖದ ಆಳ ಬದಲಾಗುವುದಿಲ್ಲ, ಅದೇ 10.5 ಸೆಂ.ಮೀ. ರಂಧ್ರ ಮಾತ್ರ 36 ಮಿ.ಮೀ. ಆಯಿತು. ಹಿನ್ನೆಲೆಯ ಮಸುಕು ಎರಡು ಪಟ್ಟಿಗೂ ಜಾಸ್ತಿ. ಮೂತಿಯೂ ಉಳಿಯಿತು, ಹಿನ್ನೆಲೆಯೂ ಕರಗಿತು. ಉದ್ದ ಲೆನ್ಸ್ ಇಲ್ಲದವರು ನಾಯಿಯನ್ನು ಗೋಡೆಯಿಂದ ಆದಷ್ಟು ದೂರ ಕೂರಿಸಿದರೂ ಅರ್ಧ ಕೆಲಸ ಆಗುತ್ತದೆ.

ಖರ್ಚಿಲ್ಲದ ಇನ್ನೊಂದು ದಾರಿ ಇದೆ. ಫೋಕಸ್ ಬೀಳುವುದು ಸೆನ್ಸರ್‌ಗೆ ಸಮಾನಾಂತರವಾದ ಒಂದು ಹಾಳೆಯ ಮೇಲೆ. ನಾಯಿ ಕ್ಯಾಮೆರಾವನ್ನೇ ನೋಡಿದರೆ ಮೂತಿ ಆ ಹಾಳೆಯನ್ನು ತೂರಿ ಹೊರಗೆ ಬರುತ್ತದೆ. ನೀವು ನೆಲದ ಮೇಲೆ ಮಲಗಿ ತೆಗೆದರೂ, ಮೇಲಿಂದ ತೆಗೆದರೂ ಇದು ತಪ್ಪುವುದಿಲ್ಲ. ಅದೇ ನಾಯಿ ಪೂರ್ತಿ ಪಕ್ಕಕ್ಕೆ ತಿರುಗಿದರೆ ಕಣ್ಣು, ಮೂತಿ, ಮೂಗು ಎಲ್ಲ ಹೆಚ್ಚುಕಡಿಮೆ ಒಂದೇ ಹಾಳೆಗೆ ಬರುತ್ತವೆ. ಎಫ್/2.8 ಕೂಡ ನಡೆಯುತ್ತದೆ. ಅರೆಬರೆ ತಿರುಗಿದ್ದರೆ ನಮಗೆ ಹತ್ತಿರ ಇರುವ ಕಣ್ಣಿಗೆ ಫೋಕಸ್ ಮಾಡಿ. ದೂರದ ಕಣ್ಣು ಮಸುಕಾದರೆ ನೋಡುವವರಿಗೆ ಅಷ್ಟಾಗಿ ಕಿರಿಕಿರಿ ಆಗುವುದಿಲ್ಲ.

ಆಟೊಫೋಕಸ್ ಅನ್ನು ಅದರ ಪಾಡಿಗೆ ಬಿಟ್ಟರೆ ಅದು ಮೂಗನ್ನೇ ಹಿಡಿಯುತ್ತದೆ. ಎಲ್ಲಕ್ಕಿಂತ ಮುಂದೆ ಇರುವುದೂ ಅದೇ, ಒದ್ದೆಯಾಗಿ ಹೊಳೆಯುವುದೂ ಅದೇ. ಕಣ್ಣಿಗೆ ಫೋಕಸ್ ಹಿಡಿದು ಆಮೇಲೆ ಕ್ಯಾಮೆರಾ ತಿರುಗಿಸಿ ಫ್ರೇಮ್ ಮಾಡುವ ಹಳೆಯ ಅಭ್ಯಾಸವೂ ಇಲ್ಲಿ ಕೈಕೊಡುತ್ತದೆ. ಒಂದೂವರೆ ಮೀಟರ್ ದೂರದಲ್ಲಿ 10 ಡಿಗ್ರಿ ತಿರುಗಿಸಿದರೆ ಫೋಕಸ್ ಕಣ್ಣಿನಿಂದ 2.3 ಸೆಂ.ಮೀ. ಹಿಂದಕ್ಕೆ ಹೋಗುತ್ತದೆ. ಎಫ್/1.8ರಲ್ಲಿ ಅಷ್ಟು ಸಾಕು, ಕಣ್ಣು ಹೋಯಿತು. ಫೋಕಸ್ ಪಾಯಿಂಟನ್ನೇ ಕಣ್ಣಿನ ಮೇಲಕ್ಕೆ ಸರಿಸುವುದು ಮೇಲು. 2019ರಲ್ಲಿ ಸೋನಿ ಕ್ಯಾಮೆರಾಗಳಿಗೆ ಪ್ರಾಣಿಗಳ ಕಣ್ಣನ್ನೇ ಹುಡುಕುವ ಆಟೊಫೋಕಸ್ ಬಂತು, ಬೇರೆ ಕಂಪನಿಗಳೂ ಆ ದಾರಿ ಹಿಡಿದವು. ನಿಜಕ್ಕೂ ಉಪಕಾರ. ಆದರೆ ಕಪ್ಪು ನಾಯಿಯ ಕಪ್ಪು ಕಣ್ಣು ಮಬ್ಬು ಬೆಳಕಿನಲ್ಲಿದ್ದರೆ ಅದೂ ತಡಬಡಾಯಿಸುತ್ತದೆ. ಫೋಕಸ್ ಹುಡುಕಲು ಕಪ್ಪು-ಬಿಳುಪಿನ ಗಡಿ ಬೇಕು. ನಾಯಿಯ ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿದರೆ ಕಣ್ಣಿನಲ್ಲಿ ಬೆಳಕಿನ ಚುಕ್ಕಿ ಮೂಡುತ್ತದೆ, ಕ್ಯಾಮೆರಾಕ್ಕೂ ಹಿಡಿತ ಸಿಗುತ್ತದೆ.

ಎಫ್/1.8 ಬಿಟ್ಟು ಎಫ್/5.6ಕ್ಕೆ ಬಂದರೆ ಬೆಳಕು ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಆ ಕೊರತೆ ತುಂಬಲು ಶಟರ್ ನಿಧಾನ ಮಾಡಲು ಹೋಗಬೇಡಿ. ಸುಮ್ನೆ ಕೂತ ನಾಯಿ ಕೂಡ ಏದುಸಿರು ಬಿಡುತ್ತ ತಲೆ ಅಲ್ಲಾಡಿಸುತ್ತಿರುತ್ತದೆ. ಸೆಕೆಂಡಿನ 250ನೇ ಒಂದು ಭಾಗಕ್ಕಿಂತ ಕೆಳಗೆ ಇಳಿಯದೆ ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ, ಏರಿಸಿ. ಚಿತ್ರದಲ್ಲಿ ಕಾಳುಕಾಳು ಬಂದರೆ ಆಮೇಲೆ ಕಂಪ್ಯೂಟರಿನಲ್ಲಿ ಎಷ್ಟೋ ಸರಿಮಾಡಬಹುದು. ತಪ್ಪಿದ ಫೋಕಸ್ ಅಷ್ಟು ಸುಲಭಕ್ಕೆ ಸರಿಹೋಗುವುದಿಲ್ಲ.