ಹೆದ್ದಾರಿ ಟೆಂಡರ್: ಕಾಯ್ದೆಗೂ ಮೊದಲು ಪ್ರಕಟಣೆಯನ್ನು ಓದಿ

ಇಲಾಖೆಗೆ ಹೊಸದಾಗಿ ಸೇರಿದವರಿಗೆ ಖರೀದಿ ಕಾನೂನು ಕಲಿಸುವಾಗ ಕಲಂ 1ರಿಂದ ಶುರುಮಾಡುವುದು ವಾಡಿಕೆ. ಮೂರನೆಯ ಕಲಮಿಗೆ ಬರುವಷ್ಟರಲ್ಲಿ ಅರ್ಧ ತರಗತಿ ಚಹಾದ ಹೊತ್ತನ್ನು ಲೆಕ್ಕ ಹಾಕುತ್ತಿರುತ್ತದೆ. ಒಂದು ಟೆಂಡರ್ ಪ್ರಕಟಣೆಯನ್ನು ಎದುರಿಗಿಟ್ಟುಕೊಂಡು, ಅದರ ಒಂದೊಂದು ಸಾಲಿಗೂ ಕಾನೂನಿನ ಆಧಾರ ಎಲ್ಲಿದೆ ಎಂದು ಹುಡುಕುವುದು ಒಳ್ಳೆಯ ದಾರಿ ಎಂಬುದು ನನ್ನ ಅಭಿಪ್ರಾಯ. ಈ ಟಿಪ್ಪಣಿ ಅದೇ ಕ್ರಮದಲ್ಲಿದೆ.

ರಸ್ತೆ ಯಾರದು?

ಉಡುಪಿಯ ಕರಾವಳಿ ಜಂಕ್ಷನ್‌ನಲ್ಲಿ ರಾಷ್ಟ್ರೀಯ ಹೆದ್ದಾರಿ 66 ಮತ್ತು 169ಎ ಒಂದನ್ನೊಂದು ಹಾಯುತ್ತವೆ. ನೋಡುವವರಿಗೆ ಎರಡೂ ಡಾಂಬರೇ. ಆದರೆ ತಲಪಾಡಿಯಿಂದ ಕುಂದಾಪುರದವರೆಗಿನ 66ನ್ನು ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ ಟೋಲ್ ಆಧಾರಿತ ಒಪ್ಪಂದದಲ್ಲಿ ಚತುಷ್ಪಥ ಮಾಡಿಸಿತು. 169ಎಯ ಕೆಲಸವನ್ನು ಕೇಂದ್ರ ಸಚಿವಾಲಯದ ಪರವಾಗಿ ರಾಜ್ಯ ಲೋಕೋಪಯೋಗಿ ಇಲಾಖೆಯ ಹೆದ್ದಾರಿ ವಿಭಾಗ ನೋಡಿಕೊಳ್ಳುತ್ತದೆ. ಅಲ್ಲಿಂದ ಒಳಗೆ ತಿರುಗುವ ಜಿಲ್ಲಾ ರಸ್ತೆಗೆ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ, 1999 ಮತ್ತು 2000ದ ನಿಯಮಗಳು ಅನ್ವಯಿಸುತ್ತವೆ. ಕೇಂದ್ರದಲ್ಲಿ ಇಂಥ ಕಾಯ್ದೆಯೇ ಇಲ್ಲ. 2012ರ ಸಾರ್ವಜನಿಕ ಸಂಗ್ರಹಣೆ ಮಸೂದೆ ಅಂಗೀಕಾರವಾಗದೆ ಬಿದ್ದುಹೋಯಿತು. ಅಲ್ಲಿ ಕೆಲಸ ನಡೆಯುವುದು ಸಾಮಾನ್ಯ ಹಣಕಾಸು ನಿಯಮಗಳು, 2017, ಕೈಪಿಡಿಗಳು ಮತ್ತು ಸಚಿವಾಲಯದ ಮಾದರಿ ದಾಖಲೆಗಳ ಮೇಲೆ.

ಸಾರ್ವಜನಿಕರ ಅಹವಾಲಿಗೆ ಉತ್ತರ ಬರೆಯುವವರಿಗೂ ಇದು ಗೊತ್ತಿರಬೇಕು. ಇದೇ 66ರ ಒಪ್ಪಂದಕ್ಕೆ ಸೇರಿದ ಪಂಪ್‌ವೆಲ್ ಮೇಲ್ಸೇತುವೆ 2020ರ ಜನವರಿ 31ರಂದು ಸಂಚಾರಕ್ಕೆ ತೆರೆಯುವವರೆಗೂ ಮಂಗಳೂರಿನ ಹಾಸ್ಯಕ್ಕೆ ಅದೇ ವಸ್ತುವಾಗಿತ್ತು. ಜಿಲ್ಲಾಡಳಿತ ಒಂದು ಮಾತು ಹೇಳಿದರೆ ಸಾಲದೇ ಎಂದು ಎಲ್ಲರೂ ಕೇಳುತ್ತಿದ್ದರು. ಸಾಲದು, ಏಕೆಂದರೆ ಜಿಲ್ಲಾಡಳಿತ ಆ ಒಪ್ಪಂದದ ಪಕ್ಷಕಾರನೇ ಅಲ್ಲ. ಸಭೆ ಕರೆಯಬಹುದು, ಪತ್ರ ಬರೆಯಬಹುದು. ಲೋಪ ಸರಿಪಡಿಸಲು ಗಡುವು ಕೊಟ್ಟು ನೋಟಿಸ್ ನೀಡುವ, ಆಮೇಲೆ ಒಪ್ಪಂದ ರದ್ದುಪಡಿಸುವ ಅಧಿಕಾರ ಸಹಿ ಹಾಕಿದ ಪ್ರಾಧಿಕಾರಕ್ಕೆ ಮಾತ್ರ.

ಬರೆದವರಿಗೂ ಕಟ್ಟುಪಾಡು

ಷರತ್ತು ಬರೆದವರೂ ಅದಕ್ಕೆ ಬದ್ಧರು ಎಂಬುದಕ್ಕೆ 1979ರ ರಮಣ ದಯಾರಾಮ ಶೆಟ್ಟಿ ಪ್ರಕರಣಕ್ಕಿಂತ ಒಳ್ಳೆಯ ಪಾಠವಿಲ್ಲ. ಮುಂಬೈ ವಿಮಾನ ನಿಲ್ದಾಣದಲ್ಲಿ ಒಂದು ರೆಸ್ಟೋರೆಂಟ್ ಮತ್ತು ಎರಡು ತಿಂಡಿ ಮಳಿಗೆ ನಡೆಸಲು ಟೆಂಡರ್ ಕರೆದಿದ್ದರು. ಕನಿಷ್ಠ 5 ವರ್ಷ ಅನುಭವವಿರುವ ನೋಂದಾಯಿತ ಎರಡನೇ ದರ್ಜೆಯ ಹೋಟೆಲಿನವರೇ ಬರಬೇಕೆಂಬ ಷರತ್ತು ಹಾಕಿ, ಕೊನೆಗೆ ಕ್ಯಾಂಟೀನ್ ನಡೆಸಿದ ಅನುಭವವಷ್ಟೇ ಇದ್ದವರಿಗೆ ಕೊಟ್ಟರು. ಸರ್ಕಾರಿ ಪ್ರಾಧಿಕಾರ ತಾನೇ ಹಾಕಿದ ಅರ್ಹತೆಯ ಗೆರೆಯನ್ನು ತಾನೇ ದಾಟುವಂತಿಲ್ಲ, ಏಕೆಂದರೆ ಆ ಷರತ್ತನ್ನು ನೋಡಿ ದೂರ ಉಳಿದವರಿಗೂ ಸಮಾನತೆಯ ಹಕ್ಕಿದೆ ಎಂದಿತು ಸುಪ್ರೀಂ ಕೋರ್ಟ್. ಆದರೂ ಅರ್ಜಿದಾರರಿಗೆ ಪರಿಹಾರ ಸಿಗಲಿಲ್ಲ. ಅವರು ತಡವಾಗಿ ಬಂದಿದ್ದರು, ಅಷ್ಟರಲ್ಲಿ ಎದುರಿನವರು ಹಣ ಹಾಕಿ ಕೆಲಸ ಆರಂಭಿಸಿದ್ದರು. ಪರೀಕ್ಷೆಯಲ್ಲಿ ತತ್ತ್ವವನ್ನಷ್ಟೇ ಬರೆದು ಈ ಎರಡನೇ ಭಾಗವನ್ನು ಬಿಡುವವರು ಬಹಳ.

ಇದನ್ನೀಗ ನಮ್ಮ ಕೆಡಬ್ಲ್ಯು-4 ಎಂಬ ಮಾದರಿ ಟೆಂಡರ್ ದಾಖಲೆಯಲ್ಲಿರುವ ಟೆಂಡರ್ ಸಾಮರ್ಥ್ಯದ ಸೂತ್ರಕ್ಕೆ ಹಚ್ಚಿ ನೋಡೋಣ: ಎ × ಎನ್ × 1.5 − ಬಿ. ಎ ಎಂದರೆ ಕಳೆದ ಐದು ವರ್ಷಗಳ ಪೈಕಿ ಯಾವುದಾದರೂ ಒಂದೇ ವರ್ಷದಲ್ಲಿ ಮಾಡಿದ ಗರಿಷ್ಠ ಸಿವಿಲ್ ಕಾಮಗಾರಿಯ ಮೊತ್ತ, ಇಂದಿನ ಬೆಲೆಮಟ್ಟಕ್ಕೆ ಹೊಂದಿಸಿದ್ದು. ಎನ್ ಎಂದರೆ ಈ ಕಾಮಗಾರಿ ಮುಗಿಸಬೇಕಾದ ಅವಧಿ, ವರ್ಷಗಳಲ್ಲಿ. ಬಿ ಎಂದರೆ ಅದೇ ಅವಧಿಯಲ್ಲಿ ಗುತ್ತಿಗೆದಾರ ಮಾಡಿ ಮುಗಿಸಬೇಕಾದ ಕೈಯಲ್ಲಿರುವ ಬೇರೆ ಕೆಲಸ.

ಕಾರ್ಕಳ ಕಡೆಯ 4 ಕೋಟಿ ರೂಪಾಯಿಯ ಒಂದು ರಸ್ತೆ ಕಾಮಗಾರಿಯನ್ನು ಊಹಿಸಿಕೊಳ್ಳಿ. ಪ್ರಕಟಣೆಯಲ್ಲಿ ಅವಧಿ ‘9 ತಿಂಗಳು, ಮಳೆಗಾಲ ಹೊರತುಪಡಿಸಿ’ ಎಂದಿದೆ. ಗುತ್ತಿಗೆದಾರರ ಎ 6 ಕೋಟಿ. ಒಂಬತ್ತೇ ತಿಂಗಳು ಹಿಡಿದರೆ ಎನ್ 0.75, ಗುಣಲಬ್ಧ 6.75 ಕೋಟಿ. ಆ ಅವಧಿಯ ಬೇರೆ ಕೆಲಸ 3.5 ಕೋಟಿ ಕಳೆದರೆ ಉಳಿಯುವುದು 3.25 ಕೋಟಿ, ಕಾಮಗಾರಿಯ 4 ಕೋಟಿಗಿಂತ ಕಡಿಮೆ, ಅಂದರೆ ಅನರ್ಹ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳನ್ನು ಸೇರಿಸಿ 13 ತಿಂಗಳು ಹಿಡಿದರೆ ಗುಣಲಬ್ಧ 9.75 ಕೋಟಿ. ಬಿ ಕೂಡ ಹಿಗ್ಗಿ 4.25 ಕೋಟಿಯಾಯಿತು ಎನ್ನೋಣ. ಆಗ ಉಳಿಯುವುದು 5.5 ಕೋಟಿ, ಅಂದರೆ ಅರ್ಹ. ಅದೇ ಕಡತ, ಅದೇ ಗುತ್ತಿಗೆದಾರ, ಎರಡು ಉತ್ತರ!

ಯಾವುದು ಸರಿ ಎಂಬ ವಾದ ತಾಂತ್ರಿಕ ಬಿಡ್ ತೆರೆದ ಮೇಲೆ ಹುಟ್ಟಿದರೆ, ಯಾವ ಉತ್ತರ ಕೊಟ್ಟರೂ ಯಾರಿಗೋ ಅನುಕೂಲ ಮಾಡಿದಂತೆ ಕಾಣುತ್ತದೆ. ದಾಖಲೆ ಬರೆದವರು ಅದಕ್ಕೆ ಕೊಡುವ ಅರ್ಥವನ್ನು ನ್ಯಾಯಾಲಯ ಗೌರವಿಸುತ್ತದೆ, ಅದು ದುರುದ್ದೇಶದ್ದೋ ವಿಪರೀತದ್ದೋ ಆಗಿರದಿದ್ದರೆ. ಸುಪ್ರೀಂ ಕೋರ್ಟಿನ 2016ರ ಆಫ್ಕಾನ್ಸ್ ತೀರ್ಪು ಹೇಳುವುದು ಅದನ್ನೇ. ಹಾಗೆಂದು ಆ ಧೈರ್ಯದ ಮೇಲೆ ಸಾಲನ್ನು ಮಸುಕಾಗಿ ಬಿಡುವುದು ಸೋಮಾರಿತನ. ಎನ್ ಎಷ್ಟೆಂದು ಪ್ರಕಟಣೆಯಲ್ಲೇ ಅಂಕಿಯಲ್ಲಿ ಬರೆಯಿರಿ. ಮರೆತಿದ್ದರೆ ಗಡುವಿಗೆ ಮುನ್ನ ತಿದ್ದೋಲೆ ಹೊರಡಿಸಿ, ಎಲ್ಲರಿಗೂ ಕಾಣುವಂತೆ ಪೋರ್ಟಲ್‌ನಲ್ಲಿ ಹಾಕಿ. ಕೇಳಿದವರಿಗೆ ಮಾತ್ರ ಫೋನಿನಲ್ಲಿ ಹೇಳುವ ಅಭ್ಯಾಸ ಬೇಡ.

ತುರ್ತು ಎಂಬ ನೆಪ

1999ರ ರಾಜ್ಯ ಕಾಯ್ದೆಯ ಕಲಂ 4(ಎ) ನೈಸರ್ಗಿಕ ವಿಕೋಪ ಅಥವಾ ತುರ್ತುಸ್ಥಿತಿಯಲ್ಲಿ ಟೆಂಡರ್‌ನಿಂದ ವಿನಾಯಿತಿ ಕೊಡುತ್ತದೆ. ಆದರೆ ಅದನ್ನು ಸರ್ಕಾರ ಘೋಷಿಸಿರಬೇಕು. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿ ಕುಸಿದಂಥ ಸಂದರ್ಭ ಬೇರೆ, ಪ್ರತಿ ಜೂನ್‌ನಲ್ಲಿ ಏಳುವ ಹೊಂಡ ಬೇರೆ. ಕರಾವಳಿಯಲ್ಲಿ ಕುಳಿತು ಮಳೆ ಅನಿರೀಕ್ಷಿತವಾಗಿ ಬಂತು ಎಂದು ಟಿಪ್ಪಣಿ ಬರೆಯುವುದು ಕಡತ ನೋಡುವವರನ್ನು ನಗಿಸುತ್ತದೆ ಅಷ್ಟೆ. ಅಲ್ಪಾವಧಿ ಟೆಂಡರ್‌ಗೂ ಇದೇ ಮಾತು. ಬಿಡ್ ಸಲ್ಲಿಸಲು ನಿಯಮ 17ರಲ್ಲಿರುವ ಕನಿಷ್ಠ ದಿನಗಳನ್ನು ಇಳಿಸಬೇಕಾದರೆ ಮೇಲಧಿಕಾರಿಯ ಅನುಮತಿ ಮತ್ತು ಲಿಖಿತ ಕಾರಣ ಎರಡೂ ಬೇಕು. ದಿನಗಳ ಲೆಕ್ಕಕ್ಕೆ ತಿದ್ದುಪಡಿ ಸೇರಿದ ಪ್ರತಿಯನ್ನೇ ನೋಡಿ, ಹಳೆಯ ಗೈಡ್ ಬೇಡ.

ಮೇಲ್ಮನವಿಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ: ಟೆಂಡರ್ ಅಂಗೀಕಾರದ ಬಗೆಗಿನ ಕಲಂ 13ರ ಆದೇಶದಿಂದ ಬಾಧಿತರಾದವರು ಕಲಂ 16ರಡಿ 30 ದಿನಗಳೊಳಗೆ ಹೋಗಬೇಕು. ರಿಟ್ ಅರ್ಜಿಯಲ್ಲಿ ಹೈಕೋರ್ಟ್ ನೋಡುವುದು ನಿರ್ಣಯ ಕೈಗೊಂಡ ರೀತಿಯನ್ನು, ನಿರ್ಣಯವನ್ನಲ್ಲ. ಇದು 1994ರ ಟಾಟಾ ಸೆಲ್ಯುಲರ್ ತೀರ್ಪಿನಿಂದ ಬಂದ ಮಾತು. ರಸ್ತೆ ಕಾಮಗಾರಿಗೆ ತಡೆಯಾಜ್ಞೆ ಕೊಡುವಾಗ ಹಿಂಜರಿಯಬೇಕೆಂದು 2022ರ ಎನ್.ಜಿ. ಪ್ರಾಜೆಕ್ಟ್ಸ್ ಪ್ರಕರಣ ಮತ್ತಷ್ಟು ಬಿಗಿಯಾಗಿ ಹೇಳಿತು.

ಸಹಿಯಾದ ಮೇಲೆ

ವಿಳಂಬಕ್ಕೆ ದಂಡ ಹಾಕುವ ಮೊದಲು ನಮ್ಮ ಪಾಲಿನ ಕೆಲಸ ಮುಗಿದಿದೆಯೇ ಎಂದು ನೋಡಿಕೊಳ್ಳಬೇಕು. ಜಾಗ ಬಿಡಿಸಿಕೊಡದೆ, ಮೆಸ್ಕಾಂ ವಿದ್ಯುತ್ ಕಂಬ ಸ್ಥಳಾಂತರಿಸದೆ ಗುತ್ತಿಗೆದಾರರ ಬಿಲ್ಲಿನಲ್ಲಿ ದಂಡ ಮುರಿದುಕೊಂಡರೆ ವಿವಾದ ಎದ್ದಾಗ ಅದು ನಿಲ್ಲುವುದಿಲ್ಲ. ಬಿಕರ್ನಕಟ್ಟೆ–ಸಾಣೂರು ಚತುಷ್ಪಥದ ಭೂಸ್ವಾಧೀನ ತಕರಾರುಗಳನ್ನು ಪತ್ರಿಕೆಯಲ್ಲಿ ಓದಿದವರಿಗೆ ಜಾಗದ ವಿಷಯ ಬಿಡಿಸಿ ಹೇಳಬೇಕಿಲ್ಲ. 1872ರ ಕರಾರು ಕಾಯ್ದೆಯ ಕಲಂ 74 ಕೊಡುವುದು ನ್ಯಾಯವಾದ ಪರಿಹಾರವನ್ನು ಮಾತ್ರ. ಒಪ್ಪಂದದಲ್ಲಿ ಬರೆದ ಮೊತ್ತ ಅದರ ಗರಿಷ್ಠ ಮಿತಿ.

ಎದುರಿನಿಂದ ಬರುವ ದೊಡ್ಡ ವಾದ ಮಳೆಯದ್ದೇ. ಮಳೆ ಸುರಿಯುವಾಗಲೂ ಮೇಲ್ಮೈಯಲ್ಲಿ ನೀರು ನಿಂತಿರುವಾಗಲೂ ಡಾಂಬರು ಹಾಕಬಾರದೆಂದು ಸಚಿವಾಲಯದ ತಾಂತ್ರಿಕ ನಿರ್ದಿಷ್ಟತೆಯಲ್ಲೇ ಇದೆ. ಹಾಗಾಗಿ ಕೆಲಸ ನಿಂತದ್ದು ಸುಳ್ಳಲ್ಲ. ಆದರೆ ವಾಡಿಕೆ ಮಳೆಯನ್ನು ಗುತ್ತಿಗೆದಾರ ದರ ಕೊಡುವಾಗಲೇ ಲೆಕ್ಕ ಹಾಕಿರಬೇಕು. ಸಮಯ ವಿಸ್ತರಣೆಗೆ ಗಟ್ಟಿ ಆಧಾರವಾಗುವುದು ವಾಡಿಕೆ ಮೀರಿದ ಮಳೆ. ಎಷ್ಟು ಮೀರಿತು ಎಂಬುದಕ್ಕೆ ತಾಲ್ಲೂಕಿನ ಮಳೆಮಾಪನ ಕೇಂದ್ರದ ದಿನವಹಿ ಅಂಕಿ ಬೇಕು. ಯಾವ ಕೆಲಸ ನಿಂತಿತು ಎಂಬುದಕ್ಕೆ ಅಡಚಣೆ ವಹಿಯಲ್ಲಿ ಆಯಾ ದಿನವೇ ಬರೆದ ನಮೂದು, ಅದರ ಕೆಳಗೆ ಸಹಾಯಕ ಎಂಜಿನಿಯರ್ ಮತ್ತು ಗುತ್ತಿಗೆದಾರರ ಪ್ರತಿನಿಧಿ ಇಬ್ಬರ ಸಹಿ ಬೇಕು. ಅಕ್ಟೋಬರ್‌ನಲ್ಲಿ ಕುಳಿತು ಒಂದೇ ಪೆನ್ನಿನಲ್ಲಿ ನಾಲ್ಕು ತಿಂಗಳನ್ನು ತುಂಬಿಸಿದ ವಹಿಯನ್ನು ಲೆಕ್ಕ ಪರಿಶೋಧಕರು ಮೊದಲ ಪುಟದಲ್ಲೇ ಗುರುತಿಸುತ್ತಾರೆ.